ಗುದ್ಲೆಪ್ಪ ಮೇಸ್ತ್ರಿಯ ನಿರಾಯುಧ ಗೇರ್‌ಬಾಕ್ಸ್ ಯುದ್ಧ

ಧರ್ಮವು ತನ್ನ ನಾಲ್ಕು ಕಾಲುಗಳಲ್ಲಿ ಮೂರನ್ನು ಕಳೆದುಕೊಂಡು ಒಂಟಿಕಾಲಿನಲ್ಲಿ ಕುಂಟುತ್ತಿರುವ ಈ ಕಲಿಯುಗದಲ್ಲಿ, ಮೋಟಾರುರಥಗಳೂ ತಮ್ಮ ಮೂರು ಪೆಡಲುಗಳಲ್ಲಿ ಕ್ಲಚ್ಚೆಂಬುದೊಂದನ್ನು ಕಳೆದುಕೊಂಡು, ಗೇರುಗಳನ್ನು ತಾವೇ ಬದಲಾಯಿಸಿಕೊಳ್ಳುವಷ್ಟು ಅಹಂಕಾರ ಪಡೆದ ಕಾಲದಲ್ಲಿ, ಗದುಗಿನ ಮುಳಗುಂದ ನಾಕಾದ ಬಳಿ, ತಗಡಿನ ಶೆಡ್ಡೆಂಬ ರಾಜಧಾನಿಯಲ್ಲಿ, ಸಕಲಸ್ಕೂಟರಸಂಜೀವಕನೂ, ಡೀಸೆಲ್‌ಧೂಮಧೂಸರಿತಧೋತರಧಾರಿಯೂ, ಟ್ರ್ಯಾಕ್ಟರೆಂಬ ಮದಗಜಗಳ ಕುಂಭಸ್ಥಳವನ್ನು ಸ್ಪ್ಯಾನರಿನಿಂದ ಭೇದಿಸಿದವನೂ ಆದ ಗುದ್ಲೆಪ್ಪ ಮೇಸ್ತ್ರಿ ಎಂಬ ವೀರನಿದ್ದನು. ಎಲೈ ಗ್ರೀಸಿನ ಡಬ್ಬಿಯಲ್ಲಿ ನೆಲೆಸಿರುವ ಕಪ್ಪುಮೈಯ ತಾಯಿಯೇ, ಅವನ ಮಹಾಯುದ್ಧವನ್ನು ಹೇಳಹೊರಟಿದ್ದೇನೆ. ನನ್ನ ನಾಲಗೆಯನ್ನು ಸಲೀಸಾಗಿ ಓಡಿಸು. ಆದರೆ ಜಾರದಂತೆ ನೋಡಿಕೋ.

ಗುದ್ಲೆಪ್ಪನ ಕೀರ್ತಿಯೆಲ್ಲ ಅವನ ಬಲಗಿವಿಯಲ್ಲಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ‘ಮೂರನೇ ವಾಲ್ವು’ ಎಂದನೆಂದರೆ ಅದು ಮೂರನೇ ವಾಲ್ವೇ. ಇಷ್ಟೆಲ್ಲ ಇದ್ದರೂ ಆ ಶೂರನ ಎದೆಯಲ್ಲಿ ಒಂದು ಮುಳ್ಳು ಮುರಿದು ಕೂತಿತ್ತು. ಅವನು ತನ್ನ ಜನ್ಮದಲ್ಲಿ ಒಂದೇ ಒಂದು ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೂ ಬಿಚ್ಚಿರಲಿಲ್ಲ. ನಾಕಾದ ಚಹಾದಂಗಡಿಯಲ್ಲಿ ಕೂತು ಮಾತ್ರ ಹಲವು ಬಿಚ್ಚಿದ್ದನು.

ಅಂದು ಆಯುಧಪೂಜೆ. ವೀರನು ತಲೆಗೆ ಮಿಂದು, ಶುಭ್ರಧೋತರವನ್ನುಟ್ಟು, ತನ್ನ ಸಮಸ್ತ ಶಸ್ತ್ರಾಸ್ತ್ರಗಳನ್ನು ಸೀಮೆಎಣ್ಣೆಯಿಂದ ತೊಳೆದು ಮಣೆಯ ಮೇಲೆ ಪೇರಿಸಿದ್ದನು. ರಿಂಗ್ ಸ್ಪ್ಯಾನರುಗಳು ಚೆಂಡುಹೂವಿನಲ್ಲಿ ಮುಳುಗಿದ್ದವು, ಜಾಕಿನ ಹಣೆಗೆ ವಿಭೂತಿ ಬಿದ್ದಿತ್ತು, ಮಹಾಕರ್ಣಾಭರಣವಾದ ಆ ಉದ್ದನೆಯ ಸ್ಕ್ರೂಡ್ರೈವರು ಕುಂಕುಮ ಹಚ್ಚಿಕೊಂಡು ಮದುಮಗನಂತೆ ನಡುವೆ ಮಲಗಿತ್ತು. ಕುಂಕುಮ ಬಿದ್ದ ಹತಾರಕ್ಕೆ ಮರುದಿನದ ಮಂಗಳಾರತಿಯವರೆಗೆ ಕೈ ಹಚ್ಚಬಾರದು. ಇದು ಗುದ್ಲೆಪ್ಪನ ತಂದೆ ನಡೆಸಿಕೊಂಡು ಬಂದ ನೇಮ, ತಾತ ನಡೆಸಿಕೊಂಡು ಬಂದ ನೇಮ. ಕಾಯಿ ಒಡೆದಾಗಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ರಾಜೇಸಾಬ ಬಂದು ಪ್ರಸಾದದ ಚುರುಮುರಿಯನ್ನು ಬಾಯಿಗೆ ಎಸೆದುಕೊಳ್ಳುತ್ತ ಬೆಂಚಿನ ಮೇಲೆ ಕೂತಿದ್ದನು.

ಆಗ ಮುಳಗುಂದ ರಸ್ತೆಯ ತಿರುವಿನಿಂದ ಒಂದು ಆರ್ತನಾದ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ದೊಡ್ಡದಾಗಿ, ಹಸಿದ ಕೂಸು ಮೂಗಿನಿಂದ ಅತ್ತಂತೆ ‘ಕುಂಯ್’ ಎನ್ನುತ್ತ, ಅದು ಶೆಡ್ಡಿನ ಮುಂದೆ ಬಂದು ನಿಂತಿತು. ಬಣ್ಣ ಮಾಸಿದ ಒಂದು ಹಳೆಯ ಬಿಳಿಯ ಕಾರು. ಅದರೊಳಗೆ ಪ್ರಮೀಳಾ ಅಕ್ಕೋರು.

ಪ್ರಮೀಳಾ ಹೊಂಬಳ ಎಂಬ ಆ ನಿವೃತ್ತ ಶಿಕ್ಷಕಿಗೆ ಎಳವೆಯಲ್ಲೇ ಎಡಗಾಲಿನ ಶಕ್ತಿ ಹೋಗಿತ್ತು. ಕ್ಲಚ್ಚು ತುಳಿಯುವ ಕಾರನ್ನು ಅವರು ನಡೆಸುವಂತಿರಲಿಲ್ಲ. ಆದ್ದರಿಂದಲೇ ವಾಮಪಾದದ ಹಂಗಿಲ್ಲದ ಈ ರಥವನ್ನು, ಅದು ಆಗಲೇ ಹಳತಾಗಿದ್ದಾಗ, ಕೊಂಡಿದ್ದರು. ಪ್ರತಿವರ್ಷ ಪೂಜೆಯ ಹಿಂದಿನ ಸಂಜೆಯೇ ತಂದು ಬಿಡುತ್ತಿದ್ದರು. ಗುದ್ಲೆಪ್ಪನು ಬೆಳಿಗ್ಗೆ ತೊಳೆದು, ಎಣ್ಣೆಗಳನ್ನೆಲ್ಲ ನೋಡಿ, ಬಾನೆಟ್ಟಿಗೆ ಹಾರ ಏರಿಸುತ್ತಿದ್ದನು. ಈ ವರ್ಷ ತಡವಾಗಿತ್ತು.

“ಗಣಪತಿ ಹಬ್ಬದಿಂದ ಹಿಂಗ ಅಳಾಕತ್ತೈತ್ರಿ ಮೇಸ್ತ್ರಿ,” ಎಂದರು ಅಕ್ಕೋರು, ಇಂಜಿನ್ ಆರಿಸದೆಯೇ. “ಮುಂದಕ್ಕ ಹಾಕಿದ್ರ ಒಂದೀಟು ವಿಚಾರ ಮಾಡಿ ಆಮ್ಯಾಲೆ ಹೊಂಡತೈತಿ. ನಮ್ಮ ಅಣ್ಣನ ಮಗ ನೋಡಿದ. ‘ಅತ್ತಿ, ಗೇರ್‌ಬಾಕ್ಸ್ ಹೋತು, ಸಾಮಾನು ಸಿಗೂದಿಲ್ಲ, ಗುಜರಿಗೆ ಹಾಕು’ ಅಂದ. ಹಬ್ಬ ಮುಗಿದ ಮ್ಯಾಲೆ ಗುಜರಿಯವನ್ನ ಕರಕೊಂಡು ಬರತಾನಂತ.”

ಅವರ ದನಿ ಅಲ್ಲಿ ಸ್ವಲ್ಪ ಸಣ್ಣದಾಯಿತು.

“ನಿಮಗ ಹೇಳತೀನಿ, ಸಾಲಿಗೆ ಹೋಗೂದಿರಲಿ, ಸಂತಿಗೆ ಹೋಗೂದಿರಲಿ, ಜಲಮೆಲ್ಲಾ ಯಾರದರ ಗಾಡಿ ಹಿಂದ ಕುಂತು ತಿರುಗೀನಿ. ಅವರಿಗೆ ಯಾವಾಗ ಬಿಡುವೋ ಆವಾಗ ನನ್ನ ಕೆಲಸ. ಇದು ಬಂದ ಮ್ಯಾಲೆನ ಯಾರನ್ನೂ ಕೇಳದ ಹೊರಗ ಅಡ್ಡಾಡೀನಿ. ಇದು ಹೋದ್ರ ಮತ್ತ ಅದ ಹಿಂದಿನ ಸೀಟು. ಬರೋಬ್ಬರಿ ನೋಡಿ ಹೇಳ್ರಿ.”

ವೀರನ ರೋಮಗಳು ನಿಮಿರಿದವು. ಅಕ್ಕೋರ ದುಃಖಕ್ಕಾಗಿ ಅರ್ಧ. ಉಳಿದರ್ಧ, ನಾಚಿಕೆಗೇಡಾದರೂ ಹೇಳಲೇಬೇಕು, ಸಂತೋಷಕ್ಕಾಗಿ. ತಾನಾಗಿ ಮನೆಬಾಗಿಲಿಗೆ ಬಂದಿದೆ ಆಟೊಮ್ಯಾಟಿಕ್ ಗೇರ್‌ಬಾಕ್ಸು! ಅವನು ಮೀಸೆಯನ್ನು ತಿರುವಿ, ‘ಎಲವೋ ಸ್ವಯಂಚಾಲಿತಗರ್ವಿತನೇ, ದಂತಚಕ್ರದುರ್ಗದೊಳಗೆ ಅಡಗಿ ಅಬಲೆಯನ್ನು ಕಾಡುವ ಯಂತ್ರಾಧಮನೇ! ನಿನ್ನ ಉದರವನ್ನು ಸೀಳಿ, ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ಹಳೆಯ ಪೇಪರಿನ ಮೇಲೆ ಹರಡದಿದ್ದರೆ, ನಾನು ಗುದ್ಲೆಪ್ಪನೇ ಅಲ್ಲ!’ ಎಂದು ದಶದಿಕ್ಕುಗಳು ಬಿರಿಯುವಂತೆ ಗರ್ಜಿಸಿದನು. ಗರ್ಜಿಸಿದ್ದು ಮನಸ್ಸಿನಲ್ಲಿ. ಬಾಯಿಂದ ಹೊರಟದ್ದು ಇಷ್ಟು:

“ಹೊಟ್ಟಿ ಬಿಚ್ಚಬೇಕಾಕ್ಕೈತ್ರಿ ಅಕ್ಕೋರ.”

“ಯಾವುದರ್ಲೆ ಬಿಚ್ಚತಿ ಮೇಸ್ತ್ರಿ?” ಎಂದನು ರಾಜೇಸಾಬ, ಚುರುಮುರಿಯ ನಡುವಿನಿಂದ. “ನಿನ್ನ ಹತಾರೆಲ್ಲಾ ದೇವರಾಗಿ ಕುಂತಾವಲ್ಲ.”

ವೀರನ ಕೈ, ಅಭ್ಯಾಸಬಲದಿಂದ, ಆಗಲೇ ಮಣೆಯ ಕಡೆಗೆ ಚಾಚಿತ್ತು. ಒಳಬಾಗಿಲಲ್ಲಿ ನಿಂತಿದ್ದ ಅವನ ಧರ್ಮಪತ್ನಿ ಬಸಲಿಂಗವ್ವ ಕೆಮ್ಮಿದಳು. ಕೆಮ್ಮು ಸಣ್ಣದೇ, ಆದರೆ ಅದರಲ್ಲಿ ಮಾವನೂ ಮಾವನ ಅಪ್ಪನೂ ಕೆಮ್ಮಿದಂತಿತ್ತು. ಕೈ ಹಿಂದೆ ಬಂದಿತು.

ಅಯ್ಯೋ, ಶತ್ರು ಎದುರಿಗಿದ್ದಾನೆ, ರಣಭೂಮಿ ಸಿದ್ಧವಾಗಿದೆ, ಪ್ರೇಕ್ಷಕರೂ ನೆರೆದಿದ್ದಾರೆ, ವೀರನ ಕೈಯಲ್ಲಿ ಮಾತ್ರ ಒಂದು ಚಿಕ್ಕ ಸ್ಕ್ರೂಡ್ರೈವರೂ ಇಲ್ಲ! ಕೊನೆಗೆ ಕಿವಿಯಿಂದಲಾದರೂ ಶತ್ರುವನ್ನು ಅಳೆಯೋಣವೆಂದು ಅವನು ಬಾನೆಟ್ಟೆತ್ತಿ ತಲೆ ತೂರಿಸಿದನು. ಬಿಸಿ ಬಡಿಯಿತು, ಫ್ಯಾನಿನ ಗಾಳಿಗೆ ಮೀಸೆ ಹಾರಿತು, ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯಲಿಲ್ಲ.

“ಏನರ ಕಟಿಗಿ ಕೊಡು,” ಎಂದನು ಹೆಂಡತಿಗೆ. “ಕಿವಿಗೆ ಹಚ್ಚಾಕ.”

ಬಸಲಿಂಗವ್ವ ಒಳಗೆ ಹೋಗಿ, ಹೋಳಿಗೆಯ ಹಿಟ್ಟು ಮೆತ್ತಿದ ಲಟ್ಟಣಿಗೆಯನ್ನು ತಂದುಕೊಟ್ಟಳು.

“ತಗೋ. ನನ್ನ ಹತಾರಕ್ಕ ಇವತ್ತಿನ ತನಾ ಯಾರೂ ಪೂಜಿ ಮಾಡಿಲ್ಲ. ಮುಟ್ಟಿದ್ರ ಏನೂ ಮೈಲಿಗಿ ಆಗೂದಿಲ್ಲ.”

ಹೀಗೆ ಲಟ್ಟಣಿಗಾಪಾಣಿಯಾದ ಗುದ್ಲೆಪ್ಪನು, ಅದರ ಒಂದು ತುದಿಯನ್ನು ಗೇರ್‌ಬಾಕ್ಸಿನ ಕವಚಕ್ಕೂ ಇನ್ನೊಂದನ್ನು ಜಗದ್ವಿಖ್ಯಾತ ಬಲಗಿವಿಗೂ ಒತ್ತಿ, ಕಣ್ಣು ಮುಚ್ಚಿದನು. ಅಕ್ಕೋರು ಆಕ್ಸಿಲರೇಟರ್ ಒತ್ತಿದರು, ಕುಂಯ್ ಏರಿತು. ಬಿಟ್ಟರು, ಇಳಿಯಿತು. ಕಾರು ನಿಂತಲ್ಲೇ ನಿಂತಿರುವಾಗಲೂ, ಗೇರಿನ ಲಿವರು ಪಾರ್ಕಿನಲ್ಲಿರುವಾಗಲೂ, ಅದೇ ಅಳು. ಚಕ್ರ ತಿರುಗದೆಯೂ ಅಳುತ್ತದೆ ಎಂದಮೇಲೆ ಇದು ಚಕ್ರದ ಬೇರಿಂಗಲ್ಲ. ಇಂಜಿನ್ನಿನ ಲಯಕ್ಕೇ ಕುಣಿಯುತ್ತದೆ, ಗೇರ್‌ಬಾಕ್ಸಿನ ಮುಂಭಾಗದಲ್ಲೇ ಜೋರಾಗಿದೆ. ಅಲ್ಲಿರುವುದು ಎಣ್ಣೆಯನ್ನು ಎಳೆದು ಎಲ್ಲೆಡೆಗೂ ದೂಡುವ ಪಂಪು!

“ಪಂಪ್!” ಎಂದು ಘೋಷಿಸಿ ವೀರನು ತಲೆಯೆತ್ತಿದನು. ಕಿವಿಗೆ ಹೋಳಿಗೆ ಹಿಟ್ಟು ಮೆತ್ತಿತ್ತು. “ಪಂಪ್ ಹೋಗೇತಿ. ನಾಳಿ ಮಂಗಳಾರತಿ ಆದ ಕೂಡಲೆ ಇಂಜಿನ್ನಿನಿಂದ ಬಾಕ್ಸ್ ಕೆಳಗ ಇಳಿಸಿ, ಪೂರ್ತಿ ಬಿಚ್ಚಿಬಿಡತೀನಿ.”

ಅಕ್ಕೋರು ಅವನನ್ನೇ ನೋಡಿದರು. “ಬಿಚ್ಚಿದ್ದು ಮತ್ತ ಕೂಡತೈತಿ ಅಂತ ಖಾತ್ರಿ ಐತೇನ್ರಿ?”

ಟ್ರ್ಯಾಕ್ಟರ್‌ಗಜಭೇದಕನಿಗೆ ಖಾತ್ರಿ ಇರಲಿಲ್ಲ. ಉತ್ತರ ತಪ್ಪಿಸಿಕೊಳ್ಳಲು ಅವನು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದನು; ಬಗ್ಗಿದ ಮೇಲೆ ಏನಾದರೂ ಮಾಡಿದಂತೆ ಕಾಣಬೇಕಲ್ಲ, ಹತಾರವಿಲ್ಲದೆ ಬರಿಗೈಯಿಂದ ಎಳೆಯಬಹುದಾದದ್ದು ಅಲ್ಲಿ ಒಂದೇ ಇತ್ತು. ಗೇರ್‌ಬಾಕ್ಸಿನ ಎಣ್ಣೆಯ ಮಟ್ಟ ನೋಡುವ ಕಡ್ಡಿ. ಅದನ್ನು ಎಳೆದನು.

ಕಡ್ಡಿ ಒಣಗಿತ್ತು.

ಧೋತರದ ಅಂಚಿನಿಂದ ಒರೆಸಿ, ಮತ್ತೆ ಅದ್ದಿ ಎಳೆದನು. ಗುರುತಿನ ಗೀರುಗಳಿಂದ ಬಹಳ ಕೆಳಗೆ, ತುದಿಯಲ್ಲಿ ಮಾತ್ರ ಒಂದು ಹನಿ ಕೆಂಪು. ಪ್ರತಿವರ್ಷ ಪೂಜೆಯ ಬೆಳಿಗ್ಗೆ ಇದೇ ಕಡ್ಡಿಯನ್ನು ಅವನೇ ಎಳೆದು ನೋಡಿದ್ದನು, ಪ್ರತಿವರ್ಷವೂ ಅದು ತುಂಬಿತ್ತು. ಆದರೆ ಆಗೆಲ್ಲ ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿ. ಪೂಜೆಗೆ ಮೊದಲು ಇಂಜಿನ್ ಚಾಲೂ ಮಾಡಬಾರದೆಂಬುದು ಅವನ ಇನ್ನೊಂದು ನೇಮ. ಅವನು ಅಕ್ಕೋರಿಗೆ, “ಒಂದೀಟು ಆರಸ್ರಿ,” ಎಂದನು. ಇಂಜಿನ್ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ, ಮೇಲಿನಿಂದ ಇಳಿದು ಬಂದ ಎಣ್ಣೆಯಲ್ಲಿ ಕಡ್ಡಿ ಗುರುತಿನ ಹತ್ತಿರದವರೆಗೂ ಮಿಂದಿತ್ತು. “ಚಾಲೂ ಮಾಡ್ರಿ,” ಎಂದನು. ಮತ್ತೆ ಎಳೆದರೆ ಕಡ್ಡಿ ಒಣ ಒಣ. ಈ ಗಾಡಿಯ ಕಡ್ಡಿಯನ್ನು ಇಂಜಿನ್ ಓಡುವಾಗಲೇ ನೋಡಬೇಕು! ವರ್ಷವರ್ಷವೂ ಹನಿಹನಿಯಾಗಿ ಎಣ್ಣೆ ಸೋರಿಹೋಗುತ್ತಿತ್ತು, ವರ್ಷವರ್ಷವೂ ಅವನು ‘ಭರಪೂರ ಐತಿ’ ಎಂದು ಹಾರ ಹಾಕಿ ಕಳಿಸುತ್ತಿದ್ದನು. ಪಂಪು ಕೆಟ್ಟಿರಲಿಲ್ಲ. ಬಾಯಾರಿ ಅಳುತ್ತಿತ್ತು.

ಈಗ, ಎಲೈ ಕೇಳುಗರೇ, ನಿಜವಾದ ಯುದ್ಧ ಶುರುವಾಯಿತು. ಕಡ್ಡಿಯನ್ನು ಕಂಡವನು ಅವನೊಬ್ಬನೇ. ಸುಮ್ಮನೆ ಒಳಗೆ ತುರುಕಿದರೆ ಯಾರಿಗೂ ಗೊತ್ತಾಗದು. ನಾಳೆ ಗೇರ್‌ಬಾಕ್ಸು ಕೆಳಗಿಳಿಯುತ್ತದೆ, ಇಡೀ ನಾಕಾ ಸುತ್ತ ನಿಂತು ನೋಡುತ್ತದೆ, ಕೊನೆಗೆ ಹೊಸ ಎಣ್ಣೆ ತುಂಬಿದಾಗ ಅಳು ನಿಂತು ಕೀರ್ತಿ ಹುಬ್ಬಳ್ಳಿಯವರೆಗೂ ಹೋಗುತ್ತದೆ. ಕೂಡದೆ ಹೋದರೆ? ಕೂಡದೆ ಹೋದರೆ ಗುಜರಿಯವನು ಬರುತ್ತಾನೆ, ಅಷ್ಟೇ. ‘ಹಳೇ ಗಾಡಿ, ಮೊದಲ ಹೋಗಿತ್ತು’ ಎಂದರಾಯಿತು. ಕಡ್ಡಿ ಅರ್ಧ ಒಳಗೆ ಹೋಗಿತ್ತು. ಆಗ ಅವನಿಗೆ ಗಾಜಿನಾಚೆ ಅಕ್ಕೋರು ಕಂಡರು. ಅವರು ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದರು, ಯಾರೋ ಅದನ್ನು ಕಸಿದುಕೊಳ್ಳಲು ಬಂದಿರುವ ಹಾಗೆ. ಗುದ್ಲೆಪ್ಪನಿಗೆ ತನ್ನ ಮೇಲೇ ಅಸಹ್ಯವಾಯಿತು.

“ಅಕ್ಕೋರ,” ಎಂದನು. ಕಡ್ಡಿಯನ್ನು ಮತ್ತೆ ಹೊರಗೆಳೆದು ಅವರಿಗೆ ತೋರಿಸಿದನು. “ಏನೂ ಆಗಿಲ್ರಿ. ಎಣ್ಣಿ ಕಡಿಮಿ ಆಗೇತಿ. ಅದನ್ನ ನೋಡೂದು ಹೆಂಗಂತ ನನಗ ಗೊತ್ತಿರಲಿಲ್ಲ. ಇಷ್ಟು ವರ್ಷ ತಪ್ಪು ನೋಡೀನಿ.”

ರಾಜೇಸಾಬ ಚುರುಮುರಿಯ ಕೈ ಕೊಡವಿಕೊಂಡನು.

“ಗುಡ್ಡ ಅಗದು ಇಲಿ ಹಿಡದ್ರು ಅಂತಾರ. ನೀ ಗುಡ್ಡಾನೂ ಅಗೀಲಿಲ್ಲಲ್ಲೋ ಮೇಸ್ತ್ರಿ!”

“ವರ್ಷಾ ಹಾರ ಹಾಕಿದ್ದ ಹಾಕಿದ್ದು,” ಎಂದಳು ಬಸಲಿಂಗವ್ವ. “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ.”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಈ ಜಟ್ಟಿಯ ಮೀಸೆಯೂ ಮಣ್ಣಾಯಿತು, ಮೇಲೆ ಹೋಳಿಗೆ ಹಿಟ್ಟೂ ಹತ್ತಿತು. ಪವರ್ ಸ್ಟೇರಿಂಗಿಗೆಂದು ಇಟ್ಟಿದ್ದ ಕೆಂಪೆಣ್ಣೆ ಮೂಲೆಯಲ್ಲಿತ್ತು. ಗಾಡಿಯ ಪುಸ್ತಕದಲ್ಲಿ ಬರೆದ ಜಾತಿಯದೇ ಎಂದು ಅಕ್ಕೋರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ನೋಡಿದರು. ಹರಳೆಣ್ಣೆ ಸುರಿಯುವ ಲಾಳಿಕೆಯನ್ನು ಬಸಲಿಂಗವ್ವ ಗೊಣಗುತ್ತ ಕೊಟ್ಟಳು. ವೀರನು ಸ್ವಲ್ಪ ಸ್ವಲ್ಪವಾಗಿ ಸುರಿದನು, ಕಡ್ಡಿ ನೋಡಿದನು, ಮತ್ತೆ ಸುರಿದನು. ಕುಂಯ್ ಎಂಬುದು ಮೊದಲು ನರಳಿಕೆಯಾಯಿತು, ಆಮೇಲೆ ಗೊಣಗಾಟವಾಯಿತು, ಆಮೇಲೆ ಇಲ್ಲವಾಯಿತು. ಸೋರುವ ಜಾಗವನ್ನು ಹಬ್ಬ ಕಳೆದ ಮೇಲೆ ಬಿಗಿದುಕೊಡುವೆನೆಂದು ಅವನು ಹೇಳಿದನು.

“ಅಂದ್ರ ಗುಜರಿಗೆ ಕೊಡೂದು ಬ್ಯಾಡಲ್ಲ?” ಎಂದು ಅಕ್ಕೋರು ಕೇಳಿದರು.

“ಬ್ಯಾಡ್ರಿ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಲಿವರ್ ಎಳೆದು ಹೊರಟೇಬಿಟ್ಟರು.

ಈ ವೀರಗಾಥೆಯನ್ನು ಭಕ್ತಿಯಿಂದ ಕೇಳಿದವರಿಗೆ ಸ್ವರ್ಗ ಸಿಗುವುದೆಂದು ನಾನು ಹೇಳಲಾರೆ, ಪುತ್ರಸಂತಾನದ ಹೊಣೆಯನ್ನೂ ಹೊರಲಾರೆ. ಅವರ ಗೇರ್‌ಬಾಕ್ಸಿಗೆ ಎಣ್ಣೆ ಕಡಿಮೆಯಾದರೆ ಬೇಗ ತಿಳಿದೀತು, ಅಷ್ಟೇ ಫಲ. ಇನ್ನು ವೀರನಿಗೆ ನಾಕಾದ ಜನ ಸಂಜೆಯೊಳಗೆ ‘ಕಡ್ಡಿ ಮೇಸ್ತ್ರಿ’ ಎಂಬ ಬಿರುದು ಕೊಟ್ಟರು. ಅದು ಇಂದಿಗೂ ನಡೆಯುತ್ತಿದೆ.

ಮರುದಿನ ಮಂಗಳಾರತಿಯಾಗಿ ಆಯುಧಗಳು ಕೈಗೆ ಬಂದಿದ್ದವು. ಬಿಚ್ಚಲು ಮಾತ್ರ ಏನೂ ಇರಲಿಲ್ಲ. ಸಂಜೆ ಬನ್ನಿ ಕೊಡುವ ಹೊತ್ತಿಗೆ ಗುದ್ಲೆಪ್ಪನು ಬಾಗಿಲಿಗೆ ಬೆನ್ನು ಹಾಕಿ ಮೊಪೆಡ್ಡೊಂದರ ಚೈನು ಬಿಗಿಯುತ್ತಿದ್ದಾಗ, ಹಿಂದಿನಿಂದ ಯಾರೋ “ಮೇಸ್ತ್ರಿ” ಎಂದರು. ಬೆಚ್ಚಿ ತಿರುಗಿದನು. ಕಾರು ಬಂದು ನಿಂತದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ.

ಕಿಟಕಿಯಿಂದ ಕೈ ಚಾಚಿ ಅಕ್ಕೋರು ಬನ್ನಿ ಎಲೆ ಕೊಟ್ಟರು. “ಬನ್ನಿ ತಗೊಂಡು ಬಂಗಾರದಂಗ ಇರೂಣು.”

ಅವನು ಎರಡೂ ಕೈಯಿಂದ ತೆಗೆದುಕೊಂಡನು. “ಇನ್ನೂ ಯಾರ ಮನಿಗೆ ಹೊಂಟೀರಿ ಅಕ್ಕೋರ?”

“ಎಲ್ಲಾರ್ಗೂ ಕೊಟ್ಟಾತು,” ಎಂದರು ಅಕ್ಕೋರು. “ಈಗ ಎಲ್ಲಿಗೂ ಇಲ್ಲ. ಸುಮ್ಮನ ಹೊಂಟೀನಿ.”