ಸಾಲಾಗಿ ಬೆಳೆದ ಕಾಡು

ಬೆಳಗ್ಗೆ ಒಂದು ವ್ಯಾನು ತುಂಬ ಕಾಂಡ್ಲಾ ಸಸಿಗಳು ಬಂದಿಳಿದದ್ದೇ ದರ್ಜಿಯ ಗ್ರಹಚಾರಕ್ಕೆ ಮೂಲ. ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಉಪ್ಪುನೀರಿನ ಕೆಸರಲ್ಲೂ ಬೇರು ಬಿಟ್ಟು, ಕಡಲಿಗೆ ಬಿಟ್ಟುಕೊಡದೆ ಮಣ್ಣನ್ನು ಕಚ್ಚಿ ಹಿಡಿಯುವ ಗಿಡ ಅದು. ಆದರೆ ಅದನ್ನು ನೆಡಲು ಅರಣ್ಯ ಇಲಾಖೆಯವರು ಆರಿಸಿಕೊಂಡದ್ದು ದರ್ಜಿಯ ಮನೆಯ ಹಿಂದಿನ ಕೆಸರುದಂಡೆಯನ್ನು. ಅಲ್ಲಿ ಆಗಲೇ ಕಾಂಡ್ಲಾ ಬೆಳೆದಿತ್ತು!

ಕೆಲವು ವರ್ಷಗಳ ಹಿಂದೆ ಕಡಲು ಅವನ ಬಚ್ಚಲುಮನೆಯನ್ನು ಬಕೆಟ್ಟಿನ ಸಮೇತ ನುಂಗಿತ್ತು. ಮುಂದಿನ ತುತ್ತು ಅಡುಗೆಮನೆ. ಸರ್ಕಾರ ಬಂಡೆ ಸುರಿಯಿತು. ಕಡಲು ಬಂಡೆಗಳನ್ನೂ ಹುರಿಗಾಳಿನಂತೆ ಮೆದ್ದು ಮುಗಿಸಿತು. ಆಮೇಲೆ ಗಂಡಹೆಂಡಿರಿಬ್ಬರೇ ಮೊಣಕಾಲುದ್ದ ಕೆಸರಲ್ಲಿ ನಿಂತು, ಟೇಪು ಹಿಡಿದು ಅಳೆದು, ಹೊಲಿಗೆ ಹಾಕಿದಂತೆ ಸಾಲುಸಾಲಾಗಿ ಕಾಂಡ್ಲಾ ನೆಟ್ಟರು. ಈಗ ಅವು ಸೊಂಟದೆತ್ತರ. ಕಳೆದ ಮಳೆಗಾಲದಲ್ಲಿ ಒಂದು ಅಲೆಯೂ ಅಡುಗೆಮನೆಯ ಗೋಡೆ ಮುಟ್ಟಲಿಲ್ಲ.

ಆಳುಗಳು ಮೊದಲ ಗಿಡಕ್ಕೆ ಕೈಹಾಕುವಷ್ಟರಲ್ಲಿ ದರ್ಜಿ ಕೊರಳಲ್ಲಿ ಟೇಪು ಹಾರಿಸಿಕೊಂಡು ಓಡಿಬಂದ.

"ಸಾರ್, ನಿಲ್ಸಿ! ಇದೂ ಕಾಂಡ್ಲಾನೇ!"

"ಗೊತ್ತು ಕಣ್ರೀ," ಎಂದರು ಇಲಾಖೆಯ ಸಾಹೇಬರು. "ಆದ್ರೆ ಇದು ನಿಮ್ದು. ನೆಡಬೇಕಾಗಿರೋದು ನಮ್ದು. ಮಧ್ಯಾಹ್ನ ದೊಡ್ಡ ಸಾಹೇಬ್ರು ಬರ್ತಾರೆ, ಖಾಲಿ ಜಾಗ ಬೇಕು."

"ಆಚೆ ಅಷ್ಟುದ್ದ ಖಾಲಿ ಬಿದ್ದಿದೆಯಲ್ಲ ಸಾರ್!"

"ಅಲ್ಲಿಗೆ ಕಾರು ಹೋಗಲ್ಲ."

ಬೆಳೆದು ನಿಂತ ಗಿಡ ಕಿತ್ತು, ಅದೇ ಗುಂಡಿಯಲ್ಲಿ ಅದೇ ಜಾತಿಯ ಮರಿಯನ್ನು ನೆಡುವ ಬುದ್ಧಿಗೆ ಏನೆನ್ನಬೇಕು? ಉಣ್ಣುತ್ತಿದ್ದವನ ಬಾಯಿಂದ ತುತ್ತು ಕಿತ್ತು ಅವನಿಗೇ ದಾನ ಮಾಡಿದ ಹಾಗೆ! ದರ್ಜಿಗೆ ಮೈಯೆಲ್ಲ ಉರಿಯಿತು. ಆದರೆ ಇಲಾಖೆಯ ಮುಂದೆ ಉರಿಯುವ ಮೈ ಬೀಡಿ ಹಚ್ಚಲೂ ಪ್ರಯೋಜನಕ್ಕೆ ಬಾರದು.

ಅಷ್ಟರಲ್ಲಿ ಸಾಕ್ಷಿ ಮಾವ ಅವನ ತೋಳು ಹಿಡಿದು ಬದಿಗೆಳೆದ. ಬೀದಿಯಲ್ಲಿ ಯಾವ ಜಗಳವಾದರೂ ನೋಡಿರಲಿ ಬಿಡಲಿ, ಸಾಕ್ಷಿ ಹೇಳುವವನು ಅವನೇ.

"ನೆಟ್ಟ ಗಿಡವಾದ್ರೆ ಕೀಳಬಹುದು ಕಣೋ. ತಾನಾಗೇ ಬೆಳೆದ ಕಾಡು ಮುಟ್ಟಿದ್ರೆ ಅವರ ಕೆಲಸಾನೇ ಹೋಗುತ್ತೆ. 'ನಾನು ನೆಟ್ಟಿಲ್ಲ' ಅನ್ನು. ಉಳಿದದ್ದು ನನಗೆ ಬಿಡು."

"ಬೇಡಾರೀ," ಎಂದಳು ಹೆಂಡತಿ. "ನೆಟ್ಟೂ ನೆಟ್ಟೂ ಸೊಂಟ ಬಿದ್ದುಹೋಗಿರೋದು ನಂದು. ತಾನಾಗೇ ಬೆಳೀತು ಅಂತೀರಾ?"

ದರ್ಜಿ ಕೇಳಲಿಲ್ಲ. ಈ ಗಿಡಗಳಿಂದ ಸೊಳ್ಳೆ ಎಂದು ದಿನಾ ಬೈಯುತ್ತಿದ್ದ ಪಕ್ಕದ ಮನೆಯ ಸೊಳ್ಳೆ ಅಕ್ಕನಿಗೆ ಪುಕ್ಕಟೆ ಸೊಳ್ಳೆಪರದೆ ಹೊಲಿದುಕೊಡುವ ಮಾತು ಕೊಟ್ಟು, ಅವಳನ್ನೂ ಎಳೆತಂದ.

"ನಾನು ನೆಟ್ಟಿಲ್ಲ ಸಾರ್. ಇದು ಕಾಡು!"

ಸಾಹೇಬರು ಕನ್ನಡಕ ಏರಿಸಿದರು. "ಕಾಡು ಹೀಗೆ ಸಾಲಾಗಿ ಬೆಳೆಯುತ್ತಾ?"

"ಅಲೆ ಸಾಲುಸಾಲಾಗೇ ಬರೋದು ಸಾರ್," ಎಂದ ಸಾಕ್ಷಿ ಮಾವ ತಡವರಿಸದೆ. "ಬೀಜಾನೂ ಹಾಗೇ ಬಿಟ್ಟುಹೋಗುತ್ತೆ. ನಮ್ಮಜ್ಜನ ಕಾಲದಿಂದ ನೋಡ್ತಿದೀನಿ."

"ಅಜ್ಜನ ಕಾಲದ್ದು ಸೊಂಟದೆತ್ತರಾನಾ?"

"ಉಪ್ಪುನೀರು ಸಾರ್, ಏಳಿಗೆ ಇಲ್ಲ. ನಮ್ಮಜ್ಜನೂ ಕುಳ್ಳನೇ."

ಸೊಳ್ಳೆ ಅಕ್ಕ ಹಿಂದೆ ಬೀಳುತ್ತಾಳೆಯೇ? "ನಾನು ಮದುವೆಯಾಗಿ ಬಂದಾಗ ಇಲ್ಲಿ ಕಾಡು ಬಿಟ್ರೆ ಏನೂ ಇರ್ಲಿಲ್ಲ ಸಾರ್. ಹಗಲಲ್ಲೂ ಭಯ!"

ಸಾಹೇಬರು ಆಳುಗಳಿಗೆ ಕೈಸನ್ನೆ ಮಾಡಿದರು. ಗುದ್ದಲಿಗಳು ಕೆಳಗಿಳಿದವು. ದರ್ಜಿಗೆ ಕುಣಿಯುವಷ್ಟು ಹಿಗ್ಗು.

"ಹಾಗಾದ್ರೆ ಕಾಡು ಮೊದ್ಲು, ಈ ಮನೆ ಆಮೇಲೆ?" ಎಂದರು ಸಾಹೇಬರು ಮೆಲ್ಲಗೆ.

"ಕಾಡೇ ಮೊದ್ಲು ಸಾರ್!" ಸಾಕ್ಷಿಗಳಿಬ್ಬರೂ ಒಂದೇ ಉಸಿರಿಗೆ ಕೂಗಿದರು.

"ಅಂದ್ರೆ ಇವರು ಕಾಡು ಕಡಿದು ಮನೆ ಕಟ್ಟಿದಾರೆ."

ದರ್ಜಿ ಕೊರಳಿನ ಟೇಪನ್ನು ಸರಕ್ಕನೆ ಎಳೆದು ಮುಂದೆ ಹಿಡಿದ. "ಅಯ್ಯೋ, ಇಲ್ಲ ಸಾರ್! ಅಷ್ಟೂ ನಾನೇ ನೆಟ್ಟಿದ್ದು! ಈ ಟೇಪು ನೋಡಿ, ಇದರಲ್ಲೇ ಅಳೆದೆ! ಇವಳ ಸೊಂಟ ಕೇಳಿ!"

"ಸಾಕ್ಷಿಗಳ ಮುಂದೆ ಹೇಳಿದ್ದನ್ನ ಈಗ ತಿರುಗಿಸ್ತೀರಾ?"

"ಮನೆ ಉಳಿಸ್ಕೊಳ್ಳೋಕೆ ಎಂಥಾ ಸುಳ್ಳು ಹೇಳ್ತೀಯೋ!" ಎಂದು ಸಾಕ್ಷಿ ಮಾವ ನೊಂದುಕೊಂಡ. ತನ್ನ ಸಾಕ್ಷಿ ಸುಳ್ಳೆಂದು ಒಪ್ಪಿಕೊಂಡ ಚರಿತ್ರೆಯೇ ಅವನಿಗಿರಲಿಲ್ಲ.

ಸಾಹೇಬರು ಮನೆಯನ್ನು ಒಂದು ಸುತ್ತು ಹಾಕಿ ಬಂದರು. ಮುಖದಲ್ಲಿ ಬೆಳಗಿನಿಂದ ಕಾಣದ ನಗು. "ದೊಡ್ಡ ಸಾಹೇಬ್ರ ಕಾರು ಇಲ್ಲಿಯವರೆಗೂ ಬರುತ್ತೆ. ಮನೆ ಹಿಂದಿನ ಭಾಗ ಈಗ್ಲೇ ತೆಗೆದ್ರೆ ಸಾಕು, ಉಳಿದದ್ದು ನಿಧಾನಕ್ಕೆ ತೆಗೀಬಹುದು. ಖಾಲಿ ಜಾಗ ಸಿಕ್ತಲ್ಲ!"

ವ್ಯಾನಿನಿಂದ ಸಸಿಗಳು ಇಳಿಯತೊಡಗಿದವು. ಕಡಲಿಗೆ ನಿಲುಕದ ಅಡುಗೆಮನೆಯ ಗೋಡೆಗೆ ಗುದ್ದಲಿಯ ಮೊದಲ ಪೆಟ್ಟು ಬಿತ್ತು. ಹೆಂಡತಿ ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿಕೊಂಡು ಹೊರಬಂದು, ಗಂಡನ ಮುಖವನ್ನೊಮ್ಮೆ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಸೊಳ್ಳೆ ಅಕ್ಕ ಹತ್ತಿರ ಬಂದು ಅವನ ಭುಜ ಸವರಿದಳು.

"ಹೋಗ್ಲಿ ಬಿಡಪ್ಪಾ, ಅತ್ತರೆ ಬರುತ್ತಾ? ಹೊಲಿಗೆ ಮಿಷನ್ನು ಎತ್ತಿ ಎಲ್ಲಿಗೆ ಬಿಸಾಡ್ತಾರೋ ಏನೋ. ಅದಕ್ಕೆ ಮುಂಚೆ ನನ್ನ ಪರದೆ ಒಂದು ಹೊಲಿದುಬಿಡು. ಇನ್ನೂ ಒಂದು ವ್ಯಾನು ಗಿಡ ಬಂತಲ್ಲ, ಸೊಳ್ಳೆ ಜಾಸ್ತಿಯಾಗುತ್ತೆ."