ನೀಲಿ ಪೆಟ್ಟಿಗೆಯ ಜಡೆ ಮಾಮ

ಇಂದುಧರನ ಮೀಸೆಗೆ ಕುತ್ತು ಬಂದದ್ದು ಒಂದು ಫೋಟೋದಿಂದ.

ಆ ಮೀಸೆ ಎಂಥದ್ದು ಎಂದು ಮೊದಲೇ ಹೇಳಿಬಿಡಬೇಕು. ಹೋದ ವಾರದಿಂದ ಹಳೇಬೀಡಿನ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸು ನಿಂತಿತ್ತು. ಹಾಲು ಉತ್ಪಾದಕರ ಸಂಘದ ನೂತನ ನಿರ್ದೇಶಕರಾದ ಶ್ರೀ ಇಂದುಧರ ಅವರಿಗೆ ಹಾರ್ದಿಕ ಅಭಿನಂದನೆಗಳು ಎಂಬ ಅಕ್ಷರಗಳು ಅದರಲ್ಲಿ ಒಂದು ಮೂಲೆಗೆ ಒತ್ತರಿಸಿಕೊಂಡಿದ್ದವು. ಮಿಕ್ಕ ಜಾಗವೆಲ್ಲ ಮೀಸೆಯದೇ. ಫ್ಲೆಕ್ಸು ಮಾಡಿದವನು ಇಂದುಧರನ ಮುಖವನ್ನು ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ. ಆ ಭರದಲ್ಲಿ ಬಲಗಿವಿಯ ಮೇಲಿದ್ದ ಹುಟ್ಟುಮಚ್ಚೆ ಕೂಡ ಅಳಿಸಿಹೋಗಿತ್ತು. ಮೀಸೆಗೆ ಮಾತ್ರ ಅವನೂ ಕೈ ಹಚ್ಚಿರಲಿಲ್ಲ. ಮೀಸೆ ತೆಗೆದರೆ ಉಳಿಯುವುದು ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಮುಖ, ಆ ಮುಖಕ್ಕೆ ಊರಿನಲ್ಲಿ ಒಂದು ಓಟೂ ಬೀಳದು ಎನ್ನುವುದು ಇಂದುಧರನಿಗೇ ಗೊತ್ತಿತ್ತು.

ಆ ಮಂಗಳವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವನು ಮೀಸೆಗೆ ತಾಗದಂತೆ ಹುಷಾರಾಗಿ ಟೀ ಹೀರುತ್ತಿದ್ದಾಗ, ಸಂಘದ ಕಾರ್ಯದರ್ಶಿ ರಂಗನಾಥ ಬಂದು ಮೂಗಿನ ಮುಂದೆ ಮೊಬೈಲು ಹಿಡಿದ.

"ಗುರ್ತು ಸಿಕ್ತೇನ್ಲಾ?"

ಕೊಬ್ಬರಿ ಚೀಲಗಳ ನಡುವೆ ಸೊಂಟದ ತನಕ ಹೂತುಹೋಗಿ, ಧೂಳು ಮೆತ್ತಿಕೊಂಡು ನಿಂತಿದ್ದ ಒಂದು ನೀಲಿ ಪೆಟ್ಟಿಗೆ. ಇಂದುಧರನ ಟೀ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದೂ ತಿಳಿಯಲಿಲ್ಲ.

"ಅಯ್ಯೋ, ನಮ್ಮ ಪೆಟ್ಟಿಗೆ ಕಣೋ! ಎಲ್ಲೈತೋ?"

"ಅರಸೀಕೆರೇಲಿ, ದೇವೀರಪ್ಪನವರ ಕೊಬ್ಬರಿ ಮಂಡೀಲಿ. ನಿನ್ನೆ ಹೋಗಿದ್ದೆ. ಕರೆಂಟ್ ಕೊಟ್ರೆ ಇನ್ನೂ ಉರೀತದಂತೆ. ನಡಿ, ಇವತ್ತು ನಿನ್ನ ಸುಳ್ಳು ಬಯಲಾಗ್ಲಿ."

ಸುಳ್ಳಿನ ಕತೆ ಹಳೆಯದು. ಇಬ್ಬರೂ ಅರಸೀಕೆರೆಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದ ಕಾಲದಲ್ಲಿ, ರೈಲ್ವೆ ಸ್ಟೇಷನ್ ಹತ್ತಿರ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಅದರಲ್ಲಿ ಎರಡು ಹೊಡೆದಾಟದ ಪೆಟ್ಟಿಗೆಗಳು. ಎರಡನ್ನೂ ಮಾಡಿದ್ದು ಬೇರೆ ಬೇರೆ ಕಂಪನಿ, ಒಂದನ್ನು ಕಂಡರೆ ಇನ್ನೊಂದಕ್ಕಾಗದು. ಮೇಲೆ ಬರೆದಿದ್ದ ಲಿಪಿ ಯಾರಿಗೂ ಓದಲು ಬರುತ್ತಿರಲಿಲ್ಲವಾದ್ದರಿಂದ ಹುಡುಗರು ಒಂದನ್ನು ಕೆಂಪು ಪೆಟ್ಟಿಗೆ, ಇನ್ನೊಂದನ್ನು ನೀಲಿ ಪೆಟ್ಟಿಗೆ ಎಂದು ಕರೆದರು. ಜಟ್ಟಿಗಳಿಗೂ ತಾವೇ ನಾಮಕರಣ ಮಾಡಿದರು. ನೀಲಿ ಪೆಟ್ಟಿಗೆಯಲ್ಲಿ ಚಡ್ಡಿ ಮಿಲಿಟ್ರಿ, ಕೊಡೆಯಲ್ಲೇ ತಿವಿಯುವ ಕೊಡೆ ಅಕ್ಕ. ಕೆಂಪು ಪೆಟ್ಟಿಗೆಗೆ ರಾಜ ಜಡೆ ಮಾಮ. ಸೊಂಟದ ತನಕ ಜಡೆ, ಕೊಂಬಿನಂಥ ಮೀಸೆ, ಅರ್ಧ ಹರಿದ ಎಡಗಿವಿ. ಒದೆಯುವ ಮೊದಲು ತೊಡೆ ತಟ್ಟಿ ಗಿರ್ರನೆ ಒಂದು ಸುತ್ತು ತಿರುಗುತ್ತಿದ್ದ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಇಂದುಧರ ನೀಲಿ ಪೆಟ್ಟಿಗೆಯಲ್ಲಿ ಒಂದು ಸುತ್ತೂ ಸೋಲದೆ ಕೊನೆ ಮುಟ್ಟಿದ. ಆಗ ಪರದೆ ಕತ್ತಲಾಗಿ, ಗುಡುಗಿ, ಎದುರು ಕಂಪನಿಯ ಜಡೆ ಮಾಮ ಬಂದು ನಿಂತ! ರಂಗನಾಥ ಸರಿಯಾಗಿ ಆ ಹೊತ್ತಿಗೇ ಕಡಲೆಕಾಯಿ ತರಲು ಹೋಗಿದ್ದ. ಅಂದಿನಿಂದ ಇಂದಿನ ತನಕ ಅವನು ಇದನ್ನು ಒಪ್ಪಿದವನಲ್ಲ.

"ಒಬ್ರ ಮನೆ ಆಳು ಇನ್ನೊಬ್ರ ಮನೇಲಿ ಯಾಕೋ ಹೊಡೆದಾಡ್ತಾನೆ?" ಎಂದು ಈಗಲೂ ಅದನ್ನೇ ಕೇಳಿದ.

"ಕೆಂಪು ಪೆಟ್ಟಿಗೇಲಿ ಮೀನು ಮಾರೋ ಅಜ್ಜಿ ನೀಲಿ ಪೆಟ್ಟಿಗೆ ಹಡಗು ಬಂದರಲ್ಲಿ ಕೂತಿರ್ಲಿಲ್ವೇನೋ? ಆಟ ಮಾಡೋರು ಹಿಂಗೆ ಒಬ್ರಿಗೊಬ್ರು ತಮಾಷೆಗೆ ಕಣ್ಣು ಹೊಡೀತಾರೆ. ಬೇಲೂರಿನ ಗೋಡೆ ಮೇಲಿರೋ ನರಸಿಂಹ ನಮ್ಮೂರ ಗೋಡೆ ಮೇಲಿಲ್ವಾ?"

"ದೇವ್ರು ಎಲ್ಲಾ ಕಡೆ ಇರ್ತಾನೆ. ಜಡೆ ಮಾಮ ದೇವ್ರೇನ್ಲಾ?"

ಇಂದುಧರ ಒಮ್ಮೆ ಮೊಬೈಲಿನಲ್ಲಿ ಹಳೆಯ ಆಟಗಳ ವಿಡಿಯೊ ತೋರಿಸಲು ನೋಡಿದ್ದುಂಟು. ಅದೆಲ್ಲ ಈಗ ಕಂಪ್ಯೂಟರೇ ಹುಟ್ಟಿಸೋ ಸುಳ್ಳು ಎಂದು ರಂಗನಾಥ ತಳ್ಳಿಹಾಕಿದ್ದ. ಇವತ್ತು ಮಾತ್ರ ಇಂದುಧರನಿಗೆ ತಡೆಯಲಾಗಲಿಲ್ಲ. ಬೆಂಚು ಗುದ್ದಿ ಎದ್ದ.

"ಜಡೆ ಮಾಮ ಬರ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ತೀನಿ ಕಣೋ! ಬಂದ್ರೆ?"

ರಂಗನಾಥನಿಗೆ ಪಣಕ್ಕಿಡಲು ಮೀಸೆ ಇರಲಿಲ್ಲ. "ಬಂದ್ರೆ ಒಂದು ವರ್ಷ ನಿಮ್ಮನೆ ಹಾಲಿನ ಕ್ಯಾನು ನಾನೇ ಹೊತ್ತು ಡೈರಿಗೆ ಹಾಕ್ತೀನಿ" ಎಂದ.

ಪಕ್ಕದ ಮೇಜಿನಲ್ಲಿದ್ದ ಕ್ಷೌರದಂಗಡಿ ಲಕ್ಕಪ್ಪ ಇಡ್ಲಿ ಅರ್ಧಕ್ಕೆ ಬಿಟ್ಟು ಎದ್ದ. "ಮಂಗಳವಾರ, ಹೆಂಗೂ ಅಂಗಡಿ ರಜ. ಕ್ಷೌರದ ಪೆಟ್ಟಿಗೆ ತಗೊಂಡು ನಾನೂ ಬತ್ತೀನಿ ಡೈರೆಕ್ಟ್ರೆ. ಅಲ್ಲಿ ಗೊತ್ತಿಲ್ದೋರ ಕೈಗೆ ಮೀಸೆ ಕೊಡ್ಬೇಡಿ."

"ಇನ್ನೊಂದು ಮಾತು" ಎಂದ ರಂಗನಾಥ. "ಆ ಪೆಟ್ಟಿಗೆ ಹಳೇ ದಪ್ಪ ಒಂದ್ರೂಪಾಯಿ ಬಿಟ್ರೆ ಏನೂ ನುಂಗಲ್ಲ. ಈಗಿನ ಬಿಲ್ಲೆ ಹಾಕಿದ್ರೆ ಕೆಳಗೆ ಉಗುಳ್ತದೆ. ಹನ್ನೊಂದಕ್ಕೆ ಬಸ್ಸು. ಹುಡುಕ್ಕೊಂಡು ಬಾ."

ಇಂದುಧರ ದಿನಸಿ ಅಂಗಡಿ ಕೇಳಿದ, ಹೂವಿನ ಅಂಗಡಿ ಕೇಳಿದ, ದೇವಸ್ಥಾನದ ಮುಂದೆ ಪ್ರವಾಸಿಗರಿಗೆ ಹಳೇ ನಾಣ್ಯ ಮಾರುವವನನ್ನು ಕೇಳಿದ. ಅವನ ಹತ್ತಿರ ಟಿಪ್ಪು ಕಾಲದ್ದು ಎಂಬುದಿತ್ತು, ದಪ್ಪ ಒಂದು ರೂಪಾಯಿ ಇರಲಿಲ್ಲ. ಸುದ್ದಿ ಇವನಿಗಿಂತ ಮುಂದೆ ಓಡುತ್ತಿತ್ತು. ಮೀಸೆ ಯಾವಾಗ ಡೈರೆಕ್ಟ್ರೆ ಎಂದು ಕಂಡ ಕಂಡವರೆಲ್ಲ ವಿಚಾರಿಸಿದರು. ಬೆವರು ಸುರಿಸಿಕೊಂಡು ಮನೆಗೆ ಬಂದವನ ಕಣ್ಣಿಗೆ ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದ್ದ ಮುಡಿಪು ಬಿತ್ತು.

ಅರಿಶಿನದ ಬಟ್ಟೆಯ ಗಂಟು. ಅವ್ವ ಯಾವಾಗಲೋ ಹರಕೆ ಹೊತ್ತು, ಮನೆದೇವರ ಹೆಸರಿನಲ್ಲಿ ಕಟ್ಟಿಟ್ಟದ್ದು. ಒಳಗೊಂದು ದಪ್ಪ ರೂಪಾಯಿ ಇದೆಯೆಂದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು.

"ಹೇಮಾ, ಇದು ಯಾವ್ದರ ಮುಡಿಪೇ?"

"ನಾನು ಈ ಮನೆಗೆ ಬರೋಕೆ ಮುಂಚೇನೇ ಇತ್ತು ಕಣ್ರೀ. ಅತ್ತೇನ ಕೇಳಿ" ಎಂದಳು ಹೆಂಡತಿ ಹೇಮಾಶ್ರೀ, ಅಡುಗೆಮನೆಯಿಂದಲೇ.

ಅವ್ವ ರುದ್ರಮ್ಮ ತೋಟಕ್ಕೆ ಹೋಗಿದ್ದರು. ಇಂದುಧರ ತುದಿಗಾಲಲ್ಲಿ ನಿಂತು ಗಂಟು ಬಿಚ್ಚಿದ. ದಪ್ಪ ರೂಪಾಯಿ ತೆಗೆದು, ಅದರ ಜಾಗದಲ್ಲಿ ಹೊಳೆಯುವ ಹತ್ತು ರೂಪಾಯಿಯ ನಾಣ್ಯವಿಟ್ಟು ಮತ್ತೆ ಕಟ್ಟಿದ. ದೇವರಿಗೆ ಲಾಭವೇ ಆಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ ಕೈಮುಗಿದ. ಅದೇ ಹೊತ್ತಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆ ಅಂಕಮ್ಮ ಬಾಗಿಲಲ್ಲಿ ನಿಂತು ನೋಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣುಮುಚ್ಚಿ ದೇವರ ಮುಂದೆ ನಿಂತ ಡೈರೆಕ್ಟರನ್ನು ಕಂಡು ಗಲ್ಲ ಬಡಿದುಕೊಂಡು, ಹೆಪ್ಪು ಮರೆತು, ನೆಟ್ಟಗೆ ತೋಟದ ಕಡೆ ಹೊರಟರು. ಇಂದುಧರ ಅವರನ್ನು ನೋಡಲೇ ಇಲ್ಲ.

ಬಸ್ಸಿನಲ್ಲಿ ಹಬ್ಬ. ಜಾವಗಲ್ಲು ದಾಟುವಷ್ಟರಲ್ಲಿ ಬಸ್ಸು ಎರಡು ಪಕ್ಷವಾಗಿತ್ತು. ಕಂಡಕ್ಟರೂ ಒಂದು ಕಾಲದಲ್ಲಿ ಅದೇ ಅಂಗಡಿಯಲ್ಲಿ ಸ್ಕೂಲಿಗೆ ಚಕ್ಕರ್ ಹೊಡೆದವನೆಂದು ಗೊತ್ತಾಗಿ ಟಿಕೆಟ್ಟು ಹರಿಯುವುದೇ ನಿಂತಿತು. "ಮೀನಿನ ಅಜ್ಜಿ ನಾನೂ ನೋಡಿದೀನಿ ಸಾರ್! ಕೆಂಪು ಪೆಟ್ಟಿಗೆ ಗೋಡೆ ಮೇಲೆ ಕೊಡೆ ಅಕ್ಕನ ಹರಿದ ಪೋಸ್ಟರ್ರೂ ಇತ್ತು! ಆದ್ರೆ ಜಡೆ ಮಾಮ... ಅಲ್ಲಿಗಂಟ ನನ್ ದುಡ್ಡು ಬರ್ಲೇ ಇಲ್ಲ." ಲಕ್ಕಪ್ಪ ಮಾತ್ರ ಕತ್ತಿಯನ್ನು ಚರ್ಮದ ಪಟ್ಟಿಗೆ ಸವರುತ್ತಾ ಇಂದುಧರನ ಮೇಲ್ದುಟಿಯನ್ನೇ ನೋಡುತ್ತಿದ್ದ.

ದೇವೀರಪ್ಪನವರ ಮಂಡಿಯಲ್ಲಿ ಪೆಟ್ಟಿಗೆಯ ತಲೆಯ ಮೇಲೆ ಲಕ್ಷ್ಮಿ ಫೋಟೋ, ಊದುಬತ್ತಿ. ಹಮಾಲರು ಚೀಲ ಸರಿಸಿದರು. ಆಡಿಸುವ ಕಡ್ಡಿಯ ಗುಂಡು ಬಿದ್ದುಹೋಗಿದ್ದ ಕಡೆ ಯಾರೋ ಬುಗುರಿ ಸಿಕ್ಕಿಸಿದ್ದರು.

"ಆಡ್ಕೊಳಿ. ಆದ್ರೆ ಫೋಟೋ ಇಳಿಸ್ಬೇಡಿ, ವ್ಯಾಪಾರ ಅದರ ಮೇಲೇ ನಿಂತೈತೆ" ಎಂದರು ದೇವೀರಪ್ಪ.

ಪ್ಲಗ್ಗು ಹಾಕಿದರು. ಪೆಟ್ಟಿಗೆ ಕೆಮ್ಮಿತು, ನರಳಿತು, ಫಳಾರನೆ ಬೆಳಗಿತು! ಇಂದುಧರ ದಪ್ಪ ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ಕಂಡಿಯೊಳಗೆ ಬಿಟ್ಟ. ಠಣ್ ಎಂದು ಪೆಟ್ಟಿಗೆ ನುಂಗಿತು. ಇದ್ದದ್ದು ಅದೊಂದೇ ಬಿಲ್ಲೆ. ಸೋತರೆ ಎರಡನೆಯ ಸಲ ಎಂಬುದಿಲ್ಲ.

ಮೊದಲ ಸುತ್ತಿನಲ್ಲಿ ಬೆರಳು ಮರಗಟ್ಟಿತ್ತು, ಹೇಗೋ ಗೆದ್ದ. ಎರಡನೆಯದರಲ್ಲಿ ಹಾಸ್ಟೆಲಿನ ಬೆರಳು ಮರಳಿ ಬಂತು. ಬಂದರಿನಲ್ಲಿ ಮೀನಿನ ಅಜ್ಜಿ ಕಂಡಾಗ ಇಂದುಧರ ಹಲ್ಲು ಕಿರಿದ, ಹಳೆಯ ನೆಂಟರೊಬ್ಬರನ್ನು ಜಾತ್ರೆಯಲ್ಲಿ ಕಂಡ ಹಾಗೆ. ಚಡ್ಡಿ ಮಿಲಿಟ್ರಿ ಬಿದ್ದ. ಕೊಡೆ ಅಕ್ಕ ಇವನ ಜೀವವನ್ನು ಕೂದಲೆಳೆಯಷ್ಟು ಉಳಿಸಿ ಬಿದ್ದಳು. ಹಮಾಲರು ಚೀಲ ಹೊತ್ತುಕೊಂಡೇ ನಿಂತು "ಒದಿಯಣ್ಣಾ! ಬಗ್ಗಣ್ಣಾ!" ಎಂದು ಕೂಗುತ್ತಿದ್ದರು. ದೇವೀರಪ್ಪನವರು ತಕ್ಕಡಿಯ ಮೇಲೆಯೇ ಹತ್ತಿ ನಿಂತಿದ್ದರು. ಕೊನೆಯವನೂ ಉರುಳಿದಾಗ ಪರದೆ ಕತ್ತಲಾಯಿತು.

"ಕರೆಂಟ್ ಹೋಯ್ತು! ಲಕ್ಕಪ್ಪ, ಸೋಪು ಕಲಸು!" ಎಂದ ರಂಗನಾಥ.

ಗುಡುಗಿತು. ಮಬ್ಬಿನೊಳಗಿಂದ ಒಬ್ಬ ದಾಂಡಿಗ ಬಂದು ನಿಂತ. ತಲೆ ಬೋಳು. ಮೀಸೆಯೂ ಇಲ್ಲ.

ಇಂದುಧರ ಮೀಸೆಗೆ ಕೈ ಅಡ್ಡ ಹಿಡಿದ. ಎದುರು ಕಂಪನಿಯವರ ಕಣ್ಣಿಗೆ ಬೀಳದಿರಲೆಂದು ಆಟ ಮಾಡಿದವರು ಮಾಮನಿಗೆ ಮುಂಡನ ಮಾಡಿಸಿದ್ದರು. ಇವನು ಇಷ್ಟು ವರ್ಷ ನೆನಪಿನಲ್ಲಿ ತಾನೇ ಜಡೆ, ಮೀಸೆ ಬೆಳೆಸಿಕೊಂಡುಬಿಟ್ಟಿದ್ದ.

"ಯಾವನ್ಲಾ ಈ ಬೋಳ?" ರಂಗನಾಥ ಕುಣಿದಾಡಿದ. "ಎಲ್ಲಿ ಜಡೆ? ಎಲ್ಲಿ ಮೀಸೆ? ಕೂರಿಸ್ರಪ್ಪ ಡೈರೆಕ್ಟ್ರನ್ನ!"

"ತಡೀರಿ" ಎಂದು ಲಕ್ಕಪ್ಪ ಮುಂದೆ ಬಂದ. "ಕ್ಷೌರ ಮಾಡಿಸಿದ್ರೆ ಆಳೇ ಬದಲಾಗ್ತಾನೇನ್ರಿ? ಹಂಗಾದ್ರೆ ನನ್ನ ಅಂಗಡಿಯಿಂದ ದಿನಾ ಬೇರೆಯೋರೇ ಆಚೆ ಹೋಗ್ಬೇಕಾಗಿತ್ತು. ಜಡೆ ಮೀಸೆ ಬಿಟ್ಟು ನಿಮ್ಮ ಮಾಮನ ಗುರುತು ಇನ್ನೇನಿತ್ತು?"

"ಎಡಗಿವಿ ಅರ್ಧ ಹರಿದಿತ್ತು" ಎಂದುಬಿಟ್ಟ ರಂಗನಾಥ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಎಲ್ಲರೂ ಪರದೆಗೆ ಮೂಗು ತಾಗಿಸಿದರು. ಅರ್ಧ ಹರಿದ ಎಡಗಿವಿ! ಮರುಕ್ಷಣವೇ ದಾಂಡಿಗ ತೊಡೆ ತಟ್ಟಿದ, ಗಿರ್ರನೆ ಒಂದು ಸುತ್ತು ತಿರುಗಿದ, ಒಂದೇ ಒದೆಗೆ ಇಂದುಧರನಿಗೆ ಮಣ್ಣು ಮುಕ್ಕಿಸಿದ. ಸೋತ ಇಂದುಧರ ಗೆದ್ದವನಂತೆ ಕಿರುಚಿದ. ಹಮಾಲರು ಅವನನ್ನು ಚೀಲದಂತೆ ಹೆಗಲಿಗೇರಿಸಿ ಮಂಡಿ ಸುತ್ತಿಸಿದರು. ಇಷ್ಟು ವರ್ಷ ಸುಳ್ಳ ಅನ್ನಿಸಿಕೊಂಡ ಸಂಕಟವೆಲ್ಲ ಕಣ್ಣಲ್ಲಿ ನೀರಾಗಿ ಹರಿದು ಮೀಸೆ ನೆನೆಯಿತು.

ಸಂಜೆ ಹಳೇಬೀಡಿನಲ್ಲಿ ಇಳಿದವನು ಫ್ಲೆಕ್ಸಿನ ಕೆಳಗೆ ನಿಂತು ಮೀಸೆಯ ಎರಡೂ ತುದಿ ಹುರಿ ಮಾಡಿಕೊಂಡೇ ಮನೆಯ ಕಡೆ ನಡೆದ. ಹಿಂದೆ ಸಪ್ಪೆ ಮುಖದ ರಂಗನಾಥ, ಕ್ಯಾನು ಹೊರಲು.

ಜಗಲಿಯ ತುಂಬ ಜನ. ನಡುವೆ ರುದ್ರಮ್ಮ, ಮಡಿಲಲ್ಲಿ ಬಿಚ್ಚಿದ ಮುಡಿಪು, ಅಂಗೈಯಲ್ಲಿ ಹತ್ತು ರೂಪಾಯಿಯ ನಾಣ್ಯ.

"ಒಂದು ಹೋಗಿ ಹತ್ತಾಗೈತೆ! ದೇವ್ರು ಹರಕೆ ಮೆಚ್ಚವ್ನೆ ಕಣಕ್ಕಾ" ಎನ್ನುತ್ತಿದ್ದರು ಅಂಕಮ್ಮ.

ರುದ್ರಮ್ಮ ಮಗನನ್ನು ನೋಡಿ ಕಣ್ಣೊರೆಸಿಕೊಂಡರು. "ಬಾ ಮಗ. ನೀನು ಹಾಸ್ಟೆಲಲ್ಲಿದ್ದಾಗ ಕಟ್ಟಿದ್ದು ಇದು. ನನ್ನ ಮಗ ಆ ಹಾಳು ಪೆಟ್ಟಿಗೆ ಹುಚ್ಚು ಬಿಟ್ರೆ, ಈ ರೂಪಾಯಿ ಒಪ್ಪಿಸಿ ಅವನ ಮುಡಿ ಕೊಡಿಸ್ತೀನಿ ಅಂತ ಬೇಡ್ಕೊಂಡಿದ್ದೆ. ಬಿಟ್ಟಿದ್ದೀಯೋ ಇಲ್ವೋ ಅಂತ ಅನುಮಾನ ಇತ್ತು. ಇವತ್ತು ನೀನೇ ದೇವರ ಮುಂದೆ ನಿಂತಿದ್ದೆ ಅಂತ ಅಂಕಮ್ಮ ಹೇಳಿದ್ಲು, ನನ್ನ ಜೀವ ತಣ್ಣಗಾಯ್ತು. ನಾಳೆ ಬುಧವಾರ. ಮನೆದೇವರ ಬೆಟ್ಟಕ್ಕೆ ಹೋಗಿ ಹರಕೆ ತೀರಿಸೋಣ."

"ಮುಡಿ ಅಂದ್ರೆ... ತಲೆ ಮಾತ್ರ ತಾನೇ ಅವ್ವ?"

"ದೇವ್ರಿಗೆ ಅರ್ಧಂಬರ್ಧ ಕೊಡ್ತಾರೇನೋ? ಮೀಸೇನೂ ಸೇರಿ."

ಇಂದುಧರನಿಗೆ ಒಂದೇ ದಾರಿ ಹೊಳೆಯಿತು. ಅವ್ವನ ಕಾಲು ಹಿಡಿದುಬಿಟ್ಟ. "ಅವ್ವ, ನಾನು ಹುಚ್ಚು ಬಿಟ್ಟೇ ಇಲ್ಲ! ಇವತ್ತೂ ಅರಸೀಕೆರೆಗೆ ಹೋಗಿ ಆಡ್ಬಂದೆ. ಬೇಕಾದ್ರೆ ರಂಗನ್ನ ಕೇಳು. ಹರಕೆ ತೀರಿಸೋ ಹಂಗೇ ಇಲ್ಲ!"

"ದಿಟ ಕಣವ್ವ" ಎಂದ ರಂಗನಾಥ, ದಪ್ಪ ರೂಪಾಯಿ ಎಲ್ಲಿಂದ ಬಂತೆಂಬುದು ಈಗ ಹೊಳೆದು, ಎಂದೂ ಇಲ್ಲದ ಉತ್ಸಾಹದಿಂದ. "ಮುಡಿಪಿನ ರೂಪಾಯಿ ಹಾಕೇ ಆಡ್ದ. ಈಗದು ಪೆಟ್ಟಿಗೆ ಹೊಟ್ಟೇಲೈತೆ."

ರುದ್ರಮ್ಮನ ಕೈಯಿಂದ ನಾಣ್ಯ ಜಾರಿ ಬಿತ್ತು.

"ಹುಚ್ಚು ಬಿಡ್ಲಿ ಅಂತ ಕಟ್ಟಿದ ಕಾಸಲ್ಲೇ ಆಡ್ದೇನೋ? ಹೇಮಾ, ಬೆಳಿಗ್ಗೆ ಬೇಗ ನೀರು ಕಾಯಿಸು. ಹರಕೆಗಲ್ಲ, ತಪ್ಪಿಗೆ ಮುಡಿ ಕೊಡ್ಬೇಕು!"

ಬುಧವಾರ ಮಧ್ಯಾಹ್ನ ಬೆಟ್ಟದಿಂದ ಇಳಿದ ಇಂದುಧರ ಸರ್ಕಲ್ಲಿಗೆ ಬಂದಾಗ ಯಾರೂ ನಮಸ್ಕಾರ ಹಾಕಲಿಲ್ಲ. ಬೋಳು ತಲೆಗೆ ಗಂಧ ಮೆತ್ತಿಕೊಂಡು, ಮೂಗಿನ ಕೆಳಗೆ ಬಿಳಿಚಿಕೊಂಡ ಪಟ್ಟಿ ಹೊತ್ತು ಹಾಲ್ ಟಿಕೆಟ್ಟಿನ ಮುಖ ನಿಂತಿತ್ತು. ರಂಗನಾಥ ಫ್ಲೆಕ್ಸಿಗೆ ಒರಗಿಕೊಂಡು ಕಡಲೆಕಾಯಿ ತಿನ್ನುತ್ತಿದ್ದ.

"ನಡಿಯೋ, ಸಂಜೆ ಹಾಲಿಗೆ ಕ್ಯಾನು ಹೊರಬೇಕು" ಎಂದ ಇಂದುಧರ.

"ಯಾರಪ್ಪ ನೀನು? ನಾನು ಪಂದ್ಯ ಕಟ್ಟಿದ್ದು ಇವರ ಹತ್ರ" ಎಂದು ರಂಗನಾಥ ಫ್ಲೆಕ್ಸು ತೋರಿಸಿದ.

"ಲಕ್ಕಪ್ಪಾ! ಹೇಳೋ ಇವನಿಗೆ. ಕ್ಷೌರ ಮಾಡಿಸಿದ್ರೆ ಆಳು ಬದಲಾಗ್ತಾನಾ? ಕಿವಿ ನೋಡೋ, ಕಿವಿ!"

ಲಕ್ಕಪ್ಪ ಅಂಗಡಿಯಿಂದ ಇಳಿದು ಬಂದ. ಇಂದುಧರನ ಬಲಗಿವಿ ಹಿಡಿದು ಮಚ್ಚೆಯನ್ನು ಹುಷಾರಾಗಿ ನೋಡಿದ. ಕತ್ತು ಎತ್ತಿ ಫ್ಲೆಕ್ಸಿನ ಕಿವಿಯನ್ನೂ ನೋಡಿದ. ಅದು ತೊಳೆದ ತಟ್ಟೆಯ ಹಾಗೆ ಬೆಳ್ಳಗಿತ್ತು.

"ಮಚ್ಚೆ ಇಲ್ವಲ್ಲ" ಎಂದು ತಲೆಯಾಡಿಸಿದ. "ನ್ಯಾಯ ಅಂದ್ರೆ ನ್ಯಾಯ. ಇವರು ಬೇರೆ ಪೆಟ್ಟಿಗೆಯೋರು."

ಆ ಸಂಜೆ ಇಂದುಧರ ತನ್ನ ಮೀಸೆಯ ಕೆಳಗೇ ಹಾದು, ಕ್ಯಾನು ತಾನೇ ಹೊತ್ತು ಡೈರಿಗೆ ಹೋದ. ಸಾಲಿನಲ್ಲಿದ್ದ ಮುದುಕನೊಬ್ಬ ಅವನನ್ನು ಮೇಲಿಂದ ಕೆಳಗೆ ನೋಡಿ, ಹೊಸಬರು ಸಾಲಿನ ಹಿಂದೆ ನಿಂತ್ಕೊಬೇಕು ಕಣಪ್ಪ ಎಂದ.