ಬಲೂನಿನವನ ಮಳೆ ಭವಿಷ್ಯ

ಆಕಾಶಕ್ಕೆ ಸಂಬಂಧಪಟ್ಟ ನೌಕರಿಯನ್ನು ಯಾರೂ ಹಿಡಿಯಬಾರದು. ಹಿಡಿದರೂ ಊರ ಕಡೆ ಬಾಯಿ ಬಿಡಬಾರದು. ಮೋಡ, ಧೂಳು, ಬಿಸಿಲುಗಳನ್ನು ದೂರದಿಂದಲೇ ಅಳೆಯುವ ಉಪಕರಣಗಳನ್ನು ಉಪಗ್ರಹಕ್ಕೆ ಏರಿಸುವ ಮೊದಲು ದೊಡ್ಡ ಬಲೂನಿಗೆ ಕಟ್ಟಿ ಪರೀಕ್ಷಿಸುವುದು ನನ್ನ ಕೆಲಸ. ವಿಮಾನಕ್ಕಿಂತ ಎಷ್ಟೋ ಮೇಲೆ ತೇಲಿ, ಕೆಲಸ ಮುಗಿದ ಮೇಲೆ ಉಪಕರಣದ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಎಲ್ಲಿ ಇಳಿಯಬೇಕೆಂಬುದು ಗಾಳಿಯ ಮರ್ಜಿ. ಆ ಗಾಳಿಗೆ ನಮ್ಮ ಜಿಲ್ಲೆಯೆಂದರೆ ಅದೇನು ಮಮತೆಯೋ! ಒಮ್ಮೆ ಸಿಂದಗಿಯ ಜೋಳದ ಹೊಲ, ಇನ್ನೊಮ್ಮೆ ಮುದ್ದೇಬಿಹಾಳದ ಕಡೆ ಯಾರದೋ ಬಣವೆ. ನಾನು ಅದೇ ಜಿಲ್ಲೆಯ ಮಸೂತಿ ಎಂಬ ಊರಿನವನೆಂಬ ಒಂದೇ ತಪ್ಪಿಗೆ, ಪ್ರತಿಸಲ ತರಲು ಹೋಗುವವನು ನಾನೇ. ‘ನಿಮ್ಮ ಜನ, ನೀವೇ ಮಾತಾಡಿ’ ಎಂದು ನಮ್ಮ ಮುಖ್ಯಸ್ಥರು ಕೈ ತೊಳೆದುಕೊಳ್ಳುತ್ತಾರೆ.

ಈ ಸಲ ಅದು ಇಂಡಿ ತಾಲೂಕಿನ ಲಚ್ಯಾಣದ ಹತ್ತಿರ ಒಂದು ದ್ರಾಕ್ಷಿ ತೋಟದಲ್ಲಿ ಇಳಿಯಿತು. ತೋಟದ ಒಡತಿ ಮಹಾದೇವಕ್ಕ ಪೆಟ್ಟಿಗೆಯನ್ನು ಜೋಪಾನವಾಗಿ ಒಳಗಿಟ್ಟು, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಚಹಾ ಕೊಟ್ಟರು, ಕೀಲಿ ಕೊಡಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಅವರ ವರ್ಷದ ಬೆಳೆಯೆಲ್ಲ ಒಣದ್ರಾಕ್ಷಿಯಾಗಲು ಹರಡಿಕೊಂಡಿತ್ತು. ಗಾಳಿಯಾಡಲೆಂದು ಸುತ್ತಲ ತಾಡಪತ್ರಿ ಪರದೆಗಳನ್ನು ಎತ್ತಿ ಕಟ್ಟಿದ್ದರು. ಇಳಿಸಿದರೆ ಹಣ್ಣು ಬೆವರುತ್ತದೆ, ಇಳಿಸದೆ ಮಳೆ ಬಿದ್ದರೆ ಕೊಳೆಯುತ್ತದೆ. ಅವರಿಗೆ ಬೇಕಿದ್ದದ್ದು ಒಂದೇ ಉತ್ತರ.

ಈ ಪೆಟ್ಟಿಗೆ ಮಳೆ ಹೇಳುವಂಥದ್ದಲ್ಲ, ಹವಾಮಾನ ವರ್ಷಗಳು ಕಳೆದಂತೆ ಹೇಗೆ ಬದಲಾಗುತ್ತದೆಂದು ತಿಳಿಯಲು ಇರುವುದು ಎಂದು ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

“ಅಷ್ಟ ಮ್ಯಾಲ ಹೋಗಿ ನೋಡಿ ಬಂದೈತ್ರಿ ಸಾಹೇಬ್ರ. ಇವತ್ತ ಮಳಿ ಬರತೈತೋ ಇಲ್ಲೋ, ಅದೊಂದು ಹೇಳಾಕ ಬರೂದಿಲ್ಲೇನ?”

ಮತ್ತೆ ವಿವರಿಸಿದೆ. ಮತ್ತೆ ಅದನ್ನೇ ಕೇಳಿದರು. ನಡುವೆ ಮುಖ್ಯಸ್ಥರ ಫೋನು ಬೇರೆ: ಪೆಟ್ಟಿಗೆ ಸಿಕ್ಕಿತೇ, ಗಾಜು ಒಡೆದಿಲ್ಲ ತಾನೇ, ಇನ್ನೂ ಯಾಕೆ ಹೊರಟಿಲ್ಲ? ಬಿಸಿಲಿಗೆ ನನ್ನ ತಲೆಯೂ ಒಣದ್ರಾಕ್ಷಿಯಾಗುತ್ತಿತ್ತು. ಒಮ್ಮೆ ಕತ್ತೆತ್ತಿ ನೋಡಿದೆ. ಅಲ್ಲೊಂದು ಇಲ್ಲೊಂದು ಬಿಳಿ ಮೋಡ, ಅಷ್ಟೆ.

“ಬರೂದಿಲ್ರಿ ಅಕ್ಕಾರ,” ಎಂದುಬಿಟ್ಟೆ. “ಇವತ್ತ ಮಳಿ ಬರೂದಿಲ್ಲ.”

ಕೀಲಿ ತಕ್ಷಣ ಕೈಗೆ ಬಂತು. ತಾಡಪತ್ರಿ ಇಳಿಸುವುದು ಬೇಡವೆಂದು ಆಳುಗಳಿಗೂ ಹೇಳಿಯಾಯಿತು. ನಾನೂ ಚಾಲಕನೂ ಪೆಟ್ಟಿಗೆಯನ್ನು ಜೀಪಿಗೆ ಏರಿಸುವಷ್ಟರಲ್ಲಿ ಪಡುವಣದಿಂದ ತಣ್ಣನೆಯ ಗಾಳಿ ಬೀಸಿತು. ಹಿಂದೆಯೇ ಗುಡುಗು. ಎಲ್ಲರೂ ಶೆಡ್ಡಿಗೆ ಓಡಿದೆವು. ಮೂರು ಬದಿ ಇಳಿಸಿದೆವು. ನಾಲ್ಕನೆಯ ಬದಿಯ ತಾಡಪತ್ರಿ ಗಾಳಿಗೆ ಹರಿದುಹೋಯಿತು. ಜೀಪಿಗೆ ಹೋಗಿ ಇಲಾಖೆಯ ಕಿತ್ತಳೆ ಬಣ್ಣದ ಪ್ಯಾರಾಚೂಟನ್ನೇ ಎಳೆದು ತಂದೆ. ಮುಖ್ಯಸ್ಥರಿಗೆ ಏನು ಹೇಳುತ್ತೀರೆಂದು ಚಾಲಕ ಕೇಳಿದ. ಅವನ ಕೈಗೇ ಒಂದು ತುದಿ ಕೊಟ್ಟೆ. ಮಳೆ ನಿಲ್ಲುವ ತನಕ ನಾನೂ ಅವನೂ ಮಹಾದೇವಕ್ಕನೂ ಅದನ್ನು ಹಿಡಿದುಕೊಂಡು ನಿಂತೆವು. ಗಾಳಿ ಬಂದಾಗಲೆಲ್ಲ ಅದು ತನ್ನ ಹಳೆಯ ಕಸುಬು ನೆನಪಾದಂತೆ ಉಬ್ಬಿ, ನನ್ನನ್ನು ನೆಲದಿಂದ ಎತ್ತಲು ನೋಡುತ್ತಿತ್ತು. ಅಂಚಿನಲ್ಲಿದ್ದ ಒಂದಿಷ್ಟು ಹಣ್ಣು ತೊಯ್ದಿತು, ಉಳಿದದ್ದು ಉಳಿಯಿತು.

ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಮಹಾದೇವಕ್ಕ ಸೆರಗು ಹಿಂಡಿಕೊಂಡು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

“ತಮ್ಮಾ, ನಿನ್ನ ಮಾತು ಸುಳ್ಳಾತು. ಆದ್ರ ಕೈ ಗಟ್ಟಿ ಅದಾವ.”

ಆಮೇಲೆ ಪೆಟ್ಟಿಗೆಯ ಮಾಹಿತಿ ತೆಗೆದು ನೋಡಿದರೆ, ಅಂದು ಬೆಳಗ್ಗೆಯೇ ಪಡುವಣದಲ್ಲಿ ಕಟ್ಟಿಕೊಳ್ಳುತ್ತಿದ್ದ ಮೋಡ ಅದರಲ್ಲಿ ಚೊಕ್ಕವಾಗಿ ದಾಖಲಾಗಿತ್ತು. ಉಪಕರಣ ಪರೀಕ್ಷೆಯಲ್ಲಿ ಪಾಸು, ಮುಖ್ಯಸ್ಥರಿಗೆ ಸಂತೋಷ. ಪ್ಯಾರಾಚೂಟು ಯಾಕೆ ಅಂಟಂಟಾಗಿದೆ ಎಂದಷ್ಟೇ ಕೇಳಿದರು. ಇಳಿಯುವಾಗ ದ್ರಾಕ್ಷಿಗೆ ತಾಗಿತು ಎಂದೆ.

ಮಹಾದೇವಕ್ಕ ಈಗಲೂ ಮೋಡ ಕಂಡಾಗಲೆಲ್ಲ ಫೋನ್ ಮಾಡಿ ನನ್ನ ಅಭಿಪ್ರಾಯ ಕೇಳುತ್ತಾರೆ. ನನಗೆ ಅದೊಂದು ಹೆಮ್ಮೆಯೇ ಆಗಿತ್ತು. ಮೊನ್ನೆ ಅವರ ಸೊಸೆ ಗುಟ್ಟು ಬಿಟ್ಟುಕೊಟ್ಟಳು: ನಾನು ಬರುವುದಿಲ್ಲ ಎಂದರೆ ಅತ್ತೆ ತಾಡಪತ್ರಿ ಇಳಿಸುತ್ತಾರಂತೆ, ಬರುತ್ತದೆ ಎಂದರೆ ಎತ್ತಿ ಕಟ್ಟುತ್ತಾರಂತೆ. ಅಂದಿನಿಂದ ಒಂದು ಹಣ್ಣೂ ತೊಯ್ದಿಲ್ಲವಂತೆ.